ಉಡುಪಿಯಲ್ಲಿ ಮೊದಲ ರಾಕೆಟ್ ಉಡಾವಣಾ ದಿನ: ಜಾಗ, ಗಾಳಿ, ಅನುಮತಿಯ ಬಗ್ಗೆ ಅನುಭವ ಉಳ್ಳವರು ತಿಳಿಸಿ

ಪ್ರಶ್ನೆ, ಉಡುಪಿಯಿಂದ

ಕೆಲವು ಪೋಷಕರು ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಸೇರಿ ಕಳೆದ ಮಳೆಗಾಲದಲ್ಲಿ ಹವ್ಯಾಸಿ ರಾಕೆಟ್ ಕ್ಲಬ್ಬೊಂದನ್ನು ಆರಂಭಿಸಿದ್ದೇವೆ. ಬರುವ ಜನವರಿಯ ಒಂದು ಭಾನುವಾರ ಮೊದಲ ಉಡಾವಣಾ ದಿನವನ್ನು ನಡೆಸಬೇಕೆಂದಿದ್ದೇವೆ. ಮಕ್ಕಳೂ ಸೇರಿ ಮೂವತ್ತು ಮಂದಿಯ ವರೆಗೆ ಬರಬಹುದು. ನೀರಿನ ರಾಕೆಟ್‌ಗಳ ಜೊತೆಗೆ ‘ಎ’ಯಿಂದ ‘ಸಿ’ ವರ್ಗದ ವರೆಗಿನ (ಅಕ್ಷರ ಮುಂದೆ ಹೋದಂತೆ ಶಕ್ತಿ ಹೆಚ್ಚು) ಮೋಟರ್‌ಗಳನ್ನು ಹಾಕಿದ ಕಾಗದದ ರಾಕೆಟ್‌ಗಳನ್ನೂ ಹಾರಿಸುವ ಆಸೆಯಿದೆ. ಕಡಲತೀರ ತೆರೆದ ಜಾಗವಾದ್ದರಿಂದ ಪಡುಕೆರೆಯ ಕಡೆ ಬೆಳಿಗ್ಗೆ ಹತ್ತು ಗಂಟೆಗೆ ಶುರುಮಾಡಿ ಸಂಜೆಯ ವರೆಗೆ ನಡೆಸೋಣವೆಂಬುದು ಹೆಚ್ಚಿನವರ ಅಭಿಪ್ರಾಯ. ಇಂತಹ ದಿನವನ್ನು ನಡೆಸಿದ ಅನುಭವವಿರುವವರು ಸಲಹೆ ಕೊಟ್ಟರೆ ಉಪಕಾರವಾಗುತ್ತದೆ.

ಉತ್ತರ, ಮೂಡುಬಿದಿರೆ ಕಡೆಯ ವಿಜ್ಞಾನ ಶಿಕ್ಷಕರೊಬ್ಬರಿಂದ

ಕಡಲತೀರವನ್ನೂ ಹತ್ತು ಗಂಟೆಯನ್ನೂ ಬಿಟ್ಟುಬಿಡಿ ಎಂಬುದೇ ನನ್ನ ಮೊದಲ ಮಾತು. ಜನವರಿಯಲ್ಲಿ ನಮ್ಮ ಕರಾವಳಿಯಲ್ಲಿ ಬೆಳಗಿನ ಗಾಳಿ ನೆಲದಿಂದ ಕಡಲಿನ ಕಡೆಗೆ, ಅಂದರೆ ಪೂರ್ವದಿಂದ ಪಶ್ಚಿಮಕ್ಕೆ ಬೀಸುತ್ತದೆ. ನೆಲ ಕಾದಂತೆ ಅದು ನಿಂತು, ಮಧ್ಯಾಹ್ನಕ್ಕೆ ಮೊದಲೇ ಕಡಲಗಾಳಿ ಎದ್ದು ದಿಕ್ಕು ತಿರುಗುತ್ತದೆ. ಹೀಗಾಗಿ ತೀರದಲ್ಲಿ ಬೇಗ ಹಾರಿಸಿದ ರಾಕೆಟ್ ಸಮುದ್ರಕ್ಕೂ, ತಡವಾಗಿ ಹಾರಿಸಿದ್ದು ತೆಂಗಿನ ತೋಟಕ್ಕೂ ಹೋಗುತ್ತದೆ. ಪಡುಕೆರೆಯಲ್ಲಂತೂ ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ಮನೆಗಳಿರುವ ಕಿರಿದಾದ ನೆಲ. ಉದ್ದಕ್ಕೆ ನೋಡಿದರೆ ವಿಶಾಲವೆನಿಸುವುದು ನಿಜ. ಆದರೆ ರಾಕೆಟ್ಟಿಗೆ ಬೇಕಾದದ್ದು ಅಗಲ.

ಅಗಲ ಎಷ್ಟಿರಬೇಕೆಂಬುದಕ್ಕೆ ಅಮೆರಿಕದ ರಾಷ್ಟ್ರೀಯ ರಾಕೆಟ್ ಸಂಘವಾದ ಎನ್‌ಎಆರ್‌ನ ಸುರಕ್ಷತಾ ಸಂಹಿತೆಯೇ ಒಳ್ಳೆಯ ಅಳತೆಗೋಲು. ಮೈದಾನದ ಅತಿ ಕಿರಿದಾದ ಬದಿ ‘ಎ’ ಮೋಟರ್‌ಗೆ 100 ಅಡಿ, ‘ಬಿ’ಗೆ 200 ಅಡಿ, ‘ಸಿ’ಗೆ 400 ಅಡಿ, ಅಂದರೆ ಸುಮಾರು 120 ಮೀಟರ್, ಇರಬೇಕೆಂದು ಅದು ಹೇಳುತ್ತದೆ. ಇದು ಕನಿಷ್ಠ ಮಿತಿಯೆಂಬುದನ್ನು ಮರೆಯಬಾರದು. ಹಗುರವಾದ ಸಣ್ಣ ರಾಕೆಟ್ಟೊಂದು ‘ಸಿ’ ಮೋಟರ್‌ನಲ್ಲಿ 300 ಮೀಟರ್ ಏರಬಲ್ಲದು. ಅಲ್ಲಿಂದ ಪ್ಯಾರಾಚೂಟಿನಲ್ಲಿ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಇಳಿದರೆ ನೆಲ ಮುಟ್ಟಲು ಒಂದು ನಿಮಿಷ ಬೇಕು. ಆ ಒಂದು ನಿಮಿಷ ಸೆಕೆಂಡಿಗೆ 4 ಮೀಟರ್ ಗಾಳಿ, ಎಂದರೆ ಗಂಟೆಗೆ 14 ಕಿಲೋಮೀಟರಿನ ಸಾಧಾರಣ ಗಾಳಿ, ಬೀಸುತ್ತಿದ್ದರೆ ರಾಕೆಟ್ 240 ಮೀಟರ್ ದೂರ ತೇಲಿಹೋಗುತ್ತದೆ. ಪ್ಯಾರಾಚೂಟಿನ ನಡುವೆ ತೂತು ಕತ್ತರಿಸಿ ಅಥವಾ ಪ್ಯಾರಾಚೂಟಿನ ಬದಲು ಉದ್ದನೆಯ ಪ್ಲಾಸ್ಟಿಕ್ ಪಟ್ಟಿಯನ್ನು ಕಟ್ಟಿ ಬೇಗ ಇಳಿಸುವುದು ಇದಕ್ಕೆ ಹಳೆಯ ಉಪಾಯ. ಮೊದಲ ಸಲಕ್ಕೆ ನಾನು ಪಟ್ಟಿಯನ್ನೇ ಕಟ್ಟಿ ಎನ್ನುತ್ತೇನೆ.

ಜಾಗಕ್ಕೆ ಬೆಟ್ಟು, ಅಂದರೆ ಎತ್ತರದ ನೆಲದ, ಗದ್ದೆಗಳನ್ನು ಹುಡುಕಿ. ಏಣೆಲು, ಅಂದರೆ ಮಳೆಗಾಲದ ಭತ್ತದ ಬೆಳೆ, ಕೊಯ್ಲಾದ ಮೇಲೆ ನೀರಿಲ್ಲದ ಬೆಟ್ಟು ಗದ್ದೆಗಳು ಬೇಗ ಒಣಗಿ ಖಾಲಿ ಬೀಳುತ್ತವೆ. ತಗ್ಗಿನ ಬೈಲು ಗದ್ದೆಗಳಲ್ಲಿ ಜನವರಿಗೆ ಸುಗ್ಗಿಯ, ಎಂದರೆ ಎರಡನೇ ಬೆಳೆಯ, ಪೈರು ನಿಂತಿರಬಹುದು. ನಡುಮಟ್ಟದ ಮಜಲು ಗದ್ದೆಗಳಲ್ಲಿ ಉದ್ದನ್ನೋ ಹೆಸರನ್ನೋ ಬಿತ್ತಿರಬಹುದು. ಉದ್ದಿನ ಗಿಡ ದೂರದಿಂದ ಹುಲ್ಲಿನಂತೆ ಕಂಡರೂ ಮೂವತ್ತು ಮಂದಿ ಅದರ ಮೇಲೆ ಓಡಾಡಿದರೆ ಮುಂದಿನ ವರ್ಷ ಆ ಮನೆಯವರು ನಿಮ್ಮನ್ನು ಗದ್ದೆಗೆ ಇಳಿಸುವುದಿಲ್ಲ. ಮುರಕಲ್ಲಿನ ಬಯಲುಗಳೂ ವಿಶಾಲವಾಗಿರುತ್ತವೆ. ಆದರೆ ಅಲ್ಲಿ ಆ ಹೊತ್ತಿಗೆ ಮುಳಿ ಹುಲ್ಲು ಒಣಗಿ ನಿಂತಿರುವುದರಿಂದ ಕಿಡಿ ಬೀಳುವ ಯಾವ ಮೋಟರನ್ನೂ ಅಲ್ಲಿ ಬಳಸಬೇಡಿ. ಕಂಬಳದ ಗದ್ದೆಯನ್ನು ಕೇಳಲೇಬೇಡಿ, ದೈವಸ್ಥಾನಕ್ಕೆ ಸೇರಿದ ಗದ್ದೆಯಾದರೆ ಗುತ್ತಿನ ಮನೆಯವರ ಒಪ್ಪಿಗೆಯಿಲ್ಲದೆ ಕಾಲಿಡಬೇಡಿ.

ಸಮಯದ ವಿಷಯ. ಬೆಳಿಗ್ಗೆ 7ಕ್ಕೆ ಜಾಗದಲ್ಲಿದ್ದು, 8ಕ್ಕೆ ಮೊದಲ ಉಡಾವಣೆ ಮಾಡಿ, 11ರೊಳಗೆ ಮೋಟರ್ ರಾಕೆಟ್‌ಗಳನ್ನು ಮುಗಿಸುವಂತೆ ಯೋಜಿಸಿ. ಗಂಟೆಗೆ 20 ಮೈಲಿ, ಎಂದರೆ 32 ಕಿಲೋಮೀಟರಿಗಿಂತ ಹೆಚ್ಚಿನ ಗಾಳಿಯಲ್ಲಿ ಹಾರಿಸಬಾರದೆಂದು ಎನ್‌ಎಆರ್ ಹೇಳುತ್ತದೆ. ಸುತ್ತ ತೆಂಗು ಅಡಿಕೆಗಳಿರುವ ನಮ್ಮ ಗದ್ದೆಗಳಿಗೆ ಅದು ತೀರ ಸಡಿಲವಾಯಿತು; ಧೂಳೂ ತರಗೆಲೆಯೂ ಏಳತೊಡಗಿದರೆ ಗಾಳಿ ಗಂಟೆಗೆ 20 ಕಿಲೋಮೀಟರ್ ದಾಟಿದೆಯೆಂದು ತಿಳಿದು ನಿಲ್ಲಿಸುವುದು ಲೇಸು.

ಉತ್ತರ, ಮಂಗಳೂರಿನ ವಕೀಲೆಯೊಬ್ಬರಿಂದ (ಮಗ ಇಂತಹದೇ ಕ್ಲಬ್ಬಿನ ಸದಸ್ಯ)

ಮಾಷ್ಟ್ರು ಜಾಗದ ಬಗ್ಗೆ ಹೇಳಿದ್ದಕ್ಕೆ ನನ್ನ ಪೂರ್ಣ ಸಹಮತವಿದೆ. ನಾನು ಮೋಟರ್‌ಗಳ ಬಗ್ಗೆ ಕೇಳುತ್ತೇನೆ: ಅವು ನಿಮಗೆ ಎಲ್ಲಿಂದ ಬರುತ್ತಿವೆ? ಕಪ್ಪು ಮದ್ದು ತುಂಬಿದ ಮೋಟರ್ ಎಷ್ಟೇ ಚಿಕ್ಕದಾದರೂ ಸ್ಫೋಟಕಗಳ ಕಾನೂನಿನ ಪ್ರಶ್ನೆಯನ್ನು ತಂದೇ ತರುತ್ತದೆ. ಸ್ಫೋಟಕಗಳ ತಯಾರಿಕೆ, ಸಂಗ್ರಹ, ಮಾರಾಟ, ಸಾಗಣೆ, ಆಮದು ಎಲ್ಲವನ್ನೂ 1884ರ ಸ್ಫೋಟಕಗಳ ಅಧಿನಿಯಮ ಮತ್ತು 2008ರ ಸ್ಫೋಟಕಗಳ ನಿಯಮಗಳು ನಿಯಂತ್ರಿಸುತ್ತವೆ, ಪರವಾನಗಿಯ ವಿಷಯಗಳನ್ನು ನಾಗಪುರದಲ್ಲಿ ಪ್ರಧಾನ ಕಚೇರಿಯಿರುವ ಪೆಸೊ (ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆ) ನೋಡಿಕೊಳ್ಳುತ್ತದೆ. ಪರವಾನಗಿಯಿರುವ ಮಾರಾಟಗಾರರಿಂದ, ಬಿಲ್ಲಿನ ಸಮೇತ ಬಂದ ಮೋಟರ್ ಅಲ್ಲವಾದರೆ ಅದನ್ನು ಗದ್ದೆಗೆ ತರಲೇಬಾರದು. ವಿದೇಶದಿಂದ ಬರುವ ನೆಂಟರ ಸೂಟ್‌ಕೇಸಿನಲ್ಲಿ ತರಿಸುವ ಯೋಚನೆ ಯಾರಿಗಾದರೂ ಇದ್ದರೆ ಇಂದೇ ಬಿಡಿಸಿ. ವಿಮಾನದ ಬ್ಯಾಗೇಜಿನಲ್ಲಿ ಅದು ನಿಷಿದ್ಧ. ಸಕ್ಕರೆಯನ್ನು ಪೊಟ್ಯಾಸಿಯಂ ನೈಟ್ರೇಟಿನೊಂದಿಗೆ ಅಡುಗೆಮನೆಯಲ್ಲಿ ಕುದಿಸುವ ವಿಡಿಯೊಗಳನ್ನು ವಿದ್ಯಾರ್ಥಿಗಳು ನೋಡಿಯೇ ಇರುತ್ತಾರೆ. ಅದು ಕ್ಲಬ್ಬಿನ ಚಟುವಟಿಕೆಯಲ್ಲವೆಂದು ಸದಸ್ಯತ್ವದ ಅರ್ಜಿಯಲ್ಲೇ ಬರೆದು ಸಹಿ ಹಾಕಿಸಿಕೊಳ್ಳಿ.

ಒಪ್ಪಿಗೆಗಳನ್ನು ಬಾಯಿಮಾತಿನಲ್ಲಿ ಬಿಡಬೇಡಿ. ಜಾಗದ ಯಜಮಾನರಿಂದ ಲಿಖಿತ ಒಪ್ಪಿಗೆ, ಗ್ರಾಮ ಪಂಚಾಯತಿಗೆ ಪತ್ರ, ಪೊಲೀಸ್ ಠಾಣೆಗೆ ದಿನಾಂಕ, ಸಮಯ, ಜಾಗದ ನಕ್ಷೆ, ಅಂದಾಜು ಎತ್ತರ ಮತ್ತು ಹೊಣೆಗಾರರ ಹೆಸರಿರುವ ಅರ್ಜಿ, ಇವುಗಳನ್ನು ಕನಿಷ್ಠ ಮೂರು ವಾರ ಮೊದಲು ಕೊಟ್ಟು ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಸ್ವೀಕೃತಿಯೇ ಅನುಮತಿಯಲ್ಲ, ಲಿಖಿತ ಉತ್ತರ ಬರುವ ವರೆಗೆ ಮೋಟರ್ ರಾಕೆಟ್‌ಗಳ ವಿಷಯವನ್ನು ಪ್ರಚಾರಪತ್ರದಲ್ಲಿ ಹಾಕಬೇಡಿ. ಆಕಾಶದ ಮಟ್ಟಿಗೆ ನೀವು ಬಜ್ಪೆಯ ವಿಮಾನ ನಿಲ್ದಾಣದಿಂದ ದೂರವಿದ್ದೀರಿ. ಆದರೆ ಮಂಗಳೂರಿನವರು ಯಾರಾದರೂ ಇದನ್ನು ಓದುತ್ತಿದ್ದರೆ, ಪಿಲಿಕುಳದಲ್ಲಿ ವಿಜ್ಞಾನ ಕೇಂದ್ರವಿದೆಯೆಂಬ ಕಾರಣಕ್ಕೆ ಆ ಸುತ್ತಿನಲ್ಲಿ ಜಾಗ ಹುಡುಕಬೇಡಿ, ವಿಮಾನ ನಿಲ್ದಾಣ ಅಲ್ಲಿಗೆ ತೀರ ಹತ್ತಿರ. ಪಣಂಬೂರಿನ ಬಂದರು ಮತ್ತು ತೈಲಾಗಾರದ ಸುತ್ತಲ ಪ್ರದೇಶವೂ ಬೇಡ.

ದಿನಾಂಕ ಗೊತ್ತುಮಾಡುವಾಗ ಇನ್ನೊಂದು ವಿಷಯ. ಉಡುಪಿಯ ಕೃಷ್ಣ ಮಠದಲ್ಲಿ ಎರಡು ವರ್ಷಕ್ಕೊಮ್ಮೆ ಬರುವ ಪರ್ಯಾಯ ಜನವರಿ 18ಕ್ಕೆ ಇರುತ್ತದೆ. ಮಕರ ಸಂಕ್ರಾಂತಿಯ ಸಪ್ತೋತ್ಸವವೂ ಅದೇ ತಿಂಗಳಲ್ಲಿ. ಆ ದಿನಗಳಲ್ಲಿ ಠಾಣೆಯವರಿಗೆ ನಿಮ್ಮ ಅರ್ಜಿಯನ್ನು ನೋಡಲು ಪುರುಸೊತ್ತಿರುವುದಿಲ್ಲ, ಉಡುಪಿಯ ರಸ್ತೆಗಳಲ್ಲಿ ನಿಮಗೂ ಗದ್ದೆ ತಲುಪಲಾಗುವುದಿಲ್ಲ.

ಉತ್ತರ, ಮಣಿಪಾಲದಲ್ಲಿ ಓದುವಾಗ ವಿದ್ಯಾರ್ಥಿಗಳ ರಾಕೆಟ್ ತಂಡದಲ್ಲಿದ್ದವರಿಂದ

ವಕೀಲ ಮೇಡಂ ಹೇಳಿದ ಒಪ್ಪಿಗೆ ಪತ್ರಗಳಷ್ಟೇ ಮುಖ್ಯವಾದದ್ದು ಗದ್ದೆಯಲ್ಲಿ ಯಾರ ಮಾತು ನಡೆಯಬೇಕೆಂಬ ತೀರ್ಮಾನ. ಸುರಕ್ಷತೆಯ ಹೊಣೆಯನ್ನು ಒಬ್ಬರಿಗೇ ವಹಿಸಿ. ಅವರು ಬೇಡವೆಂದರೆ ಅಧ್ಯಕ್ಷರ ಮಗನ ರಾಕೆಟ್ಟೂ ಹಾರಬಾರದು. ಆ ವ್ಯಕ್ತಿ ಅಂದು ತಮ್ಮ ಸ್ವಂತ ರಾಕೆಟ್ ಹಾರಿಸದಿದ್ದರೆ ಒಳ್ಳೆಯದು, ಏಕೆಂದರೆ ತನ್ನದನ್ನು ಹಾರಿಸಲು ಕಾತರದಿಂದಿರುವವರು ಇತರರದನ್ನು ಅವಸರದಲ್ಲಿ ನೋಡುತ್ತಾರೆ. ಉಡಾವಣೆಯ ಗುಂಡಿ ಒತ್ತಲು ಮತ್ತೊಬ್ಬರು, ಬಿದ್ದ ರಾಕೆಟ್ಟಿನ ಮೇಲೆ ಕಣ್ಣಿಡಲು ಇಬ್ಬರು, ದಾರಿಯಲ್ಲಿ ಬರುವವರನ್ನೂ ಮೇಯುವ ದನಗಳನ್ನೂ ತಡೆಯಲು ಇಬ್ಬರು ಇದ್ದರೆ ಸಾಕು.

ಪ್ರತಿ ರಾಕೆಟ್ಟಿಗೂ ಒಂದು ಚೀಟಿ ಮಾಡಿ, ಹಾರಿಸುವವರ ಹೆಸರು, ತೂಕ, ಮೋಟರ್, ಇಳಿಯುವ ವಿಧಾನ ಬರೆಯಿಸಿ. ಪರಿಶೀಲಿಸುವವರು ರೆಕ್ಕೆಗಳನ್ನು ಹಿಡಿದು ಅಲುಗಿಸಿ ನೋಡಬೇಕು, ಮೋಟರ್ ಜಾರದಂತೆ ಕೂತಿದೆಯೇ, ಒಳಗಿನ ಹಗ್ಗ ಸುಟ್ಟಿಲ್ಲವೇ, ಪ್ಯಾರಾಚೂಟಿನ ಕೆಳಗೆ ಬೆಂಕಿ ಹಿಡಿಯದ ಕಾಗದವಿದೆಯೇ ಎಂದು ನೋಡಬೇಕು. ಗುರುತ್ವ ಕೇಂದ್ರ ಒತ್ತಡ ಕೇಂದ್ರಕ್ಕಿಂತ (ಗಾಳಿಯ ಒತ್ತಡವೆಲ್ಲ ಒಟ್ಟಾಗಿ ಬೀಳುವಂತಿರುವ ಬಿಂದುವಿಗಿಂತ) ಕನಿಷ್ಠ ಒಂದು ಕೊಳವೆಯ ವ್ಯಾಸದಷ್ಟು ಮುಂದಿರಬೇಕು. ಮೋಟರ್ ಹಾಕಿದ ರಾಕೆಟ್ಟನ್ನು ಬೆರಳ ಮೇಲೆ ಸಮತೋಲಗೊಳಿಸಿದರೆ ಗುರುತ್ವ ಕೇಂದ್ರ ಗೊತ್ತಾಗುತ್ತದೆ. ಹೊಸ ವಿನ್ಯಾಸವಾದರೆ ಓಪನ್‌ರಾಕೆಟ್ ಎಂಬ ಉಚಿತ ತಂತ್ರಾಂಶದಲ್ಲಿ ಲೆಕ್ಕ ಹಾಕಿಸಿಯೇ ಬರಲು ಹೇಳಿ. ರೆಕ್ಕೆ ದೊಡ್ಡದಾದಷ್ಟೂ ಒಳ್ಳೆಯದೆಂಬ ನಂಬಿಕೆ ಹೊಸಬರಲ್ಲಿದೆ. ಅಂತಹ ರಾಕೆಟ್ ಗಾಳಿ ಬಂದ ಕಡೆಗೇ ಮೂತಿ ತಿರುಗಿಸಿ ಓರೆಯಾಗಿ ಹಾರುತ್ತದೆ.

ಜನರನ್ನು ‘ಡಿ’ ವರ್ಗದ ವರೆಗಿನ ಮೋಟರ್‌ಗಳಿಗೆ ಉಡಾವಣಾ ಪ್ಯಾಡಿನಿಂದ 15 ಅಡಿ ದೂರದಲ್ಲಿ ನಿಲ್ಲಿಸಿದರೆ ಸಾಕೆಂದು ಎನ್‌ಎಆರ್ ಹೇಳಿದರೂ, ಮಕ್ಕಳಿರುವುದರಿಂದ ಹಗ್ಗ ಕಟ್ಟಿ 10 ಮೀಟರ್ ದೂರದಲ್ಲಿಡಿ. ಉಡಾವಣಾ ಪೆಟ್ಟಿಗೆಯ ಕೀಲಿ ಪ್ಯಾಡಿಗೆ ಹೋಗುವವರ ಜೇಬಿನಲ್ಲೇ ಇರಬೇಕು. ಗುಂಡಿ ಒತ್ತಿದರೂ ಹೊತ್ತದಿದ್ದರೆ ಕೀಲಿ ತೆಗೆದು, ಒಂದು ನಿಮಿಷ ಪೂರ್ತಿ ಕಾದು ಆಮೇಲೆ ಹತ್ತಿರ ಹೋಗಬೇಕು. ಈ ಒಂದು ನಿಮಿಷ ಕಾಯುವುದು ಎಲ್ಲರಿಗೂ ಬೇಸರ. ಅದನ್ನು ಕಡಿಮೆಮಾಡಲು ಯಾರಿಗೂ ಬಿಡಬೇಡಿ. ಹೊತ್ತದಿರುವುದಕ್ಕೆ ನಮ್ಮ ಕಡೆ ಸಾಮಾನ್ಯ ಕಾರಣ ಇಗ್ನೈಟರ್‌ ಅಲ್ಲ, ಉಪ್ಪುಗಾಳಿಗೆ ಕಿಲುಬು ಹಿಡಿದ ಮೊಸಳೆ ಕ್ಲಿಪ್ಪು. ಹಿಂದಿನ ರಾತ್ರಿ ಅವನ್ನೂ ಉಡಾವಣಾ ಸರಳನ್ನೂ ಸ್ಯಾಂಡ್‌ಪೇಪರಿನಿಂದ ತಿಕ್ಕಿಡಿ. ಯುಪಿಎಸ್‌ನಲ್ಲಿ ಬಳಸುವ 12 ವೋಲ್ಟಿನ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ ತಂದರೆ ಬೆಳಗಿಡೀ ಸಾಲುತ್ತದೆ. ಕರಾವಳಿಯ ತೇವಕ್ಕೆ ಕಾಗದದ ಕೊಳವೆ ಉಬ್ಬಿ ಮೂತಿ ಬಿಗಿಯಾಗುವುದುಂಟು. ಇಬ್ಬನಿ ಬಿದ್ದ ಗದ್ದೆಯಲ್ಲಿ ರಾಕೆಟ್‌ಗಳನ್ನು ನೆಲದ ಮೇಲಿಡದೆ ಮೇಜಿನ ಮೇಲಿಡಿ, ಮೂತಿಗೂ ಪ್ಯಾರಾಚೂಟಿಗೂ ಟಾಲ್ಕಂ ಪೌಡರ್ ಸವರಿ.

ಪ್ಯಾಡಿನ ಸುತ್ತ ಎರಡು ಮೀಟರ್ ಹುಲ್ಲು ಕೆರೆದು ನೀರು ಚಿಮುಕಿಸಿ, ಎರಡು ಬಕೆಟ್ ನೀರು, ಒದ್ದೆ ಗೋಣಿಚೀಲ ಪಕ್ಕದಲ್ಲಿರಲಿ. ವಿದ್ಯುತ್ ತಂತಿಗೆ ಸಿಕ್ಕಿಕೊಂಡ ರಾಕೆಟ್ ಹೋಯಿತೆಂದೇ ತಿಳಿಯಬೇಕು. ದೋಟಿ ಹಿಡಿದು ಎಳೆಯುವವರು ನಮ್ಮೂರಿನಲ್ಲಿ ಸಿಕ್ಕೇ ಸಿಗುತ್ತಾರೆ, ಅವರನ್ನು ತಡೆದು ವಿದ್ಯುತ್ ಕಂಪನಿಯಾದ ಮೆಸ್ಕಾಂಗೆ ತಿಳಿಸಿ.

ಉತ್ತರ, ಕಾರ್ಕಳದ ತಾಯಿಯೊಬ್ಬರಿಂದ

ಹತ್ತು ವರ್ಷದೊಳಗಿನ ಮಕ್ಕಳಿಗೆ ನೀರಿನ ರಾಕೆಟ್ಟೇ ಹಬ್ಬ, ಅದನ್ನು ದೊಡ್ಡವರು ಸಾಲಿನ ಕೊನೆಗೆ ತಳ್ಳುವುದು ನನಗೆ ಸರಿ ಕಾಣುವುದಿಲ್ಲ. ಸೋಡಾ, ಕೋಲಾದಂತಹ ಗ್ಯಾಸ್ ತುಂಬಿದ ಪಾನೀಯದ ಬಾಟಲಿಯನ್ನೇ ಬಳಸಿ. ಕುಡಿಯುವ ನೀರಿನ ತೆಳು ಬಾಟಲಿ ಒತ್ತಡ ತಡೆಯುವುದಿಲ್ಲ. ಮೂರನೇ ಒಂದು ಪಾಲು ನೀರು ಹಾಕಿ, ಮೀಟರ್ ಇರುವ ಸೈಕಲ್ ಪಂಪಿನಲ್ಲಿ 4 ಬಾರ್, ಎಂದರೆ 60 ಪಿಎಸ್‌ಐ ದಾಟದಂತೆ ಗಾಳಿ ತುಂಬಿ, ದೂರದಿಂದ ಹಗ್ಗ ಎಳೆದು ಬಿಡಿಸಬೇಕು. ಗೀರು ಬಿದ್ದ, ಮಡಚಿದ ಬಾಟಲಿಯನ್ನು ಅಲ್ಲೇ ಕತ್ತರಿಸಿ ಎಸೆಯಿರಿ, ಇಲ್ಲವಾದರೆ ಯಾವುದಾದರೂ ಮಗು ಅದನ್ನೇ ಮತ್ತೆ ತರುತ್ತದೆ. ಸರದಿಗೆ ಕಾಯುವ ಮಕ್ಕಳಿಗೆ ಎತ್ತರ ಅಳೆಯುವ ಕೆಲಸ ಕೊಡಿ: ಪ್ಯಾಡಿನಿಂದ 50 ಮೀಟರ್ ದೂರದಲ್ಲಿ ನಿಂತು, ಕೋನಮಾಪಕಕ್ಕೆ ದಾರ ಮತ್ತು ಭಾರ ಕಟ್ಟಿ ನೋಡಿದಾಗ 45 ಡಿಗ್ರಿ ಬಂದರೆ ರಾಕೆಟ್ ಏರಿದ್ದು ಸುಮಾರು 50 ಮೀಟರ್, 60 ಡಿಗ್ರಿ ಬಂದರೆ 86 ಮೀಟರಿನಷ್ಟು. ತಿಂಡಿಗೆ ಬನ್ಸ್ ಮತ್ತು ಪುನರ್ಪುಳಿ ಶರಬತ್ತು ಸಾಕು. ಒಲೆ ಹೊತ್ತಿಸುವ ಅಡುಗೆ ಬೇಡ. ನೆರಳಿಗೆ ಶಾಮಿಯಾನ, ಹೆಣ್ಣುಮಕ್ಕಳಿಗೆ ಹತ್ತಿರದ ಮನೆಯೊಂದರ ಶೌಚಾಲಯ, ಇವೆರಡನ್ನು ಮೊದಲೇ ಮಾತಾಡಿಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಹಿರಿಯಡ್ಕದ ಹತ್ತಿರ ಒಂದು ಬೆಟ್ಟು ಗದ್ದೆಗೆ ಮನೆಯವರು ಒಪ್ಪಿದ್ದಾರೆ. ಉತ್ತರ ದಕ್ಷಿಣವಾಗಿ 200 ಮೀಟರ್ ಉದ್ದವಿದೆ, ಅಗಲ 110 ಮೀಟರ್. ಪೂರ್ವದ ಅಂಚಿನಲ್ಲಿ ವಿದ್ಯುತ್ ತಂತಿ ಹಾದುಹೋಗಿದೆ. ಉದ್ದ ಸಾಕಷ್ಟಿರುವುದರಿಂದ ‘ಸಿ’ ಮೋಟರ್ ಹಾರಿಸಬಹುದೇ?

ಮೂಡುಬಿದಿರೆಯ ಶಿಕ್ಷಕರು

ಬೇಡ. ಲೆಕ್ಕಕ್ಕೆ ಬರುವುದು ಕಿರಿದಾದ ಬದಿ, ಅದು 120 ಮೀಟರಿಗಿಂತ ಕಡಿಮೆಯಿದೆ. ಗಾಳಿ ಬೀಸುವುದೂ ಆ ಅಗಲದ ದಿಕ್ಕಿನಲ್ಲೇ. ಪರವಾನಗಿಯ ಮೋಟರ್‌ಗಳು ಸಿಕ್ಕಿ ಒಪ್ಪಿಗೆ ಬಂದರೆ ‘ಎ’ ಮತ್ತು ‘ಬಿ’ಗಳಿಗೆ ನಿಲ್ಲಿಸಿ, ಎಲ್ಲಕ್ಕೂ ಪಟ್ಟಿ ಕಟ್ಟಿಸಿ, ಪ್ಯಾಡನ್ನು ಗದ್ದೆಯ ನಡುವೆ ಇಡಿ. ಬೆಳಗಿನ ಗಾಳಿ ರಾಕೆಟ್ಟನ್ನು ತಂತಿಯಿಂದ ದೂರ, ಪಶ್ಚಿಮಕ್ಕೆ ಒಯ್ಯುತ್ತದೆ. ಕೋಲಿಗೆ ಕಟ್ಟಿದ ರಿಬ್ಬನ್ ಪೂರ್ವಕ್ಕೆ ವಾಲತೊಡಗಿತೆಂದರೆ ಗಂಟೆ ಎಷ್ಟೇ ಆಗಿರಲಿ, ಮೋಟರ್‌ಗಳ ಪೆಟ್ಟಿಗೆಗೆ ಬೀಗ ಹಾಕಿ ನೀರಿನ ರಾಕೆಟ್‌ಗಳನ್ನು ಶುರುಮಾಡಿ, ಅವನ್ನೂ ಪಶ್ಚಿಮದ ಅರ್ಧದಲ್ಲಿ ಹಾರಿಸಿ. ಕಾರ್ಕಳದ ಅಮ್ಮನವರಿಗೂ ಆಗ ಸಮಾಧಾನವಾದೀತು.