‘ಇಲ್ಲ’ವೋ, ‘ಸಿಗಲಿಲ್ಲ’ವೋ? ‘ಆವೃತ್ತಿ’ಯ ಬಗ್ಗೆಯೂ ಒಂದು ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಪದವಿ ವಿದ್ಯಾರ್ಥಿಗಳಿಗಾಗಿ ಲಿನಕ್ಸ್ ಕೈಪಿಡಿಯೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ವರ್ಚುವಲ್ ಮಷೀನ್, ಅಂದರೆ ಕಂಪ್ಯೂಟರಿನೊಳಗೆ ತಂತ್ರಾಂಶವೇ ರೂಪಿಸುವ ಇನ್ನೊಂದು ಕಂಪ್ಯೂಟರನ್ನು, ನಡೆಸುವ ತಂತ್ರಾಂಶಗಳ ಅಧ್ಯಾಯದಲ್ಲಿ ಎರಡು ಪದಗಳು ಕಾಡುತ್ತಿವೆ. (‘ಮಿಥ್ಯಾಯಂತ್ರ’ ಎಂದು ಬರೆಯಲು ನನಗೆ ಮನಸ್ಸಿಲ್ಲ. ಅದು ತಿನ್ನುವ ಮೆಮೊರಿ, ಡಿಸ್ಕ್ ಎರಡೂ ನಿಜವಾದವೇ.)

ಮೊದಲನೆಯದು ‘ಇಲ್ಲ’. ತಂತ್ರಾಂಶ ಯಾವ ಫೋಲ್ಡರಿನಲ್ಲಿದೆ ಎಂದು ತಿಳಿಸುವ ಆಜ್ಞೆ ‘ವಿಚ್’; ವರ್ಚುವಲ್ ಮಷೀನ್ ನಡೆಸುವ ತಂತ್ರಾಂಶಗಳಲ್ಲೊಂದು ಕ್ಯೂಇಎಂಯು. ರೆಡ್ ಹ್ಯಾಟ್ ಲಿನಕ್ಸಿನಲ್ಲಿ ‘ವಿಚ್ ಕ್ಯೂಇಎಂಯು-ಕೆವಿಎಂ’ ಎಂದು ಕೇಳಿದರೆ, ಇಂತಿಂಥ ಫೋಲ್ಡರುಗಳಲ್ಲಿ ಅದು ಇಲ್ಲ ಎಂದು ಫೋಲ್ಡರುಗಳ ಹೆಸರು ಸಮೇತ ಉತ್ತರ ಬರುತ್ತದೆ. ಕರಡಿನಲ್ಲಿ ನಾನು ಅದನ್ನು ಮೊಟಕುಗೊಳಿಸಿ ‘ಕ್ಯೂಇಎಂಯು ಇಲ್ಲ’ ಎಂದು ಬರೆದಿದ್ದೆ. ಓದಿದ ವಿದ್ಯಾರ್ಥಿನಿಯೊಬ್ಬಳು ಅದನ್ನು ಮತ್ತೆ ಇನ್‌ಸ್ಟಾಲ್ ಮಾಡಲು ಹೊರಟಳು. ಅದು ಮೊದಲೇ ಇತ್ತು, ‘ಯುಎಸ್ಆರ್’ ಒಳಗಿನ ‘ಲಿಬ್‌ಎಕ್ಸೆಕ್’ ಫೋಲ್ಡರಿನಲ್ಲಿ. ಆಜ್ಞೆಗಳನ್ನು ಎಲ್ಲೆಲ್ಲಿ ಹುಡುಕಬೇಕೆಂದು ಹೇಳುವ ‘ಪಾತ್’ ಎಂಬ ಪಟ್ಟಿ ಇರುತ್ತದೆ; ವಿಚ್ ನೋಡುವುದು ಅದರಲ್ಲಿರುವ ಫೋಲ್ಡರುಗಳನ್ನು ಮಾತ್ರ. ಲಿಬ್‌ಎಕ್ಸೆಕ್ ಸಾಮಾನ್ಯವಾಗಿ ಆ ಪಟ್ಟಿಯಲ್ಲಿರುವುದಿಲ್ಲ. ತಪ್ಪು ಅವಳದಲ್ಲ, ನನ್ನ ವಾಕ್ಯದ್ದು. ‘ಅಪ್ಪ ಮನೆಯಲ್ಲಿಲ್ಲ’ ಎನ್ನುವುದಕ್ಕೂ ‘ಅಪ್ಪ ಇಲ್ಲ’ ಎನ್ನುವುದಕ್ಕೂ ಇರುವ ಅಂತರವನ್ನು ಕನ್ನಡಿಗರಿಗೆ ಹೇಳಿಕೊಡಬೇಕಿಲ್ಲ. ಬರೆಯುವಾಗ ನಾನೇ ಮರೆತಿದ್ದೆ. ಈಗ ‘ಪಾತ್‌ನಲ್ಲಿ ಸಿಗಲಿಲ್ಲ’ ಎಂದು ತಿದ್ದಿದ್ದೇನೆ. ಡೆಬಿಯನ್ ಎಂಬ ಇನ್ನೊಂದು ಬಗೆಯ ಲಿನಕ್ಸಿನ ವಿಚ್ ಮಾತ್ರ ಏನೂ ಹೇಳದೆ ಸುಮ್ಮನಾಗುತ್ತದೆ. ಅಲ್ಲಿ ‘ಉತ್ತರ ಬರದಿದ್ದರೆ, ಪಾತ್‌ನಲ್ಲಿ ಸಿಗಲಿಲ್ಲ ಎಂದರ್ಥ’ ಎಂದು ಬಿಡಿಸಿಯೇ ಬರೆಯಬೇಕಾಯಿತು.

ಎರಡನೆಯದು ಇನ್ನೂ ಬಗೆಹರಿದಿಲ್ಲ. ‘ಆವೃತ್ತಿ’ ಪದ ಪುಸ್ತಕಲೋಕದಿಂದ ಬಂದದ್ದು. ಅಲ್ಲಿ ಕೈಯಲ್ಲಿರುವ ಪುಸ್ತಕಕ್ಕೆ ಒಂದೇ ಆವೃತ್ತಿ. ಇಲ್ಲಿ ಹಾಗಲ್ಲ. ವರ್ಚುವಲ್ ಮಷೀನ್‌ಗಳನ್ನು ನಿರ್ವಹಿಸುವ ಆಜ್ಞೆ ‘ವಿರ್ಶ್’; ಅದು ಲಿಬ್‌ವರ್ಟ್ ಎಂಬ ಲೈಬ್ರರಿಯನ್ನು (ಇತರ ತಂತ್ರಾಂಶಗಳು ಬಳಸುವ ಸಿದ್ಧ ಕೋಡ್) ಆಧರಿಸಿದೆ. ‘ವಿರ್ಶ್ ವರ್ಶನ್’ ಎಂದು ಕೊಟ್ಟರೆ ನಾಲ್ಕು ಸಾಲು ಬರುತ್ತವೆ: ವಿರ್ಶ್ ಅನ್ನು ಕಂಪೈಲ್ ಮಾಡಿದಾಗ (ಮೂಲ ಕೋಡಿನಿಂದ ಓಡಬಲ್ಲ ತಂತ್ರಾಂಶವಾಗಿ ಕಟ್ಟಿದಾಗ) ಇದ್ದ ಲಿಬ್‌ವರ್ಟ್ ಲೈಬ್ರರಿಯದು, ಈಗ ಬಳಸುತ್ತಿರುವ ಲೈಬ್ರರಿಯದು, ಎಪಿಐಯದು (ತಂತ್ರಾಂಶಗಳು ಪರಸ್ಪರ ಮಾತಾಡುವ ಸಂಪರ್ಕದ್ದು), ಕೊನೆಗೆ ಓಡುತ್ತಿರುವ ಹೈಪರ್‌ವೈಸರಿನದು (ವರ್ಚುವಲ್ ಮಷೀನ್‌ಗಳನ್ನು ನಡೆಸುವ ತಂತ್ರಾಂಶದ್ದು). ಲಿನಕ್ಸಿಗೆ ವರ್ಚುವಲ್ ಮಷೀನ್ ನಡೆಸುವ ಸಾಮರ್ಥ್ಯ ಕೊಡುವ ಕೆವಿಎಂ ವಿಷಯ ಇನ್ನೂ ಬೇರೆ. 2007ರಲ್ಲಿ ಬಂದ ಲಿನಕ್ಸ್ 2.6.20ರಿಂದ ಅದು ಲಿನಕ್ಸಿನ ತಿರುಳಾದ ಕರ್ನಲ್‌ನೊಳಗೇ ಇದೆ. ಹಾಗಾಗಿ ‘ಯುನೇಮ್ -ಆರ್’ ಕೊಟ್ಟು ಕರ್ನಲ್‌ನ ಆವೃತ್ತಿಯನ್ನೇ ನೋಡಬೇಕು.

‘ಕಟ್ಟಿದಾಗಿನ ಆವೃತ್ತಿ’, ‘ಬಳಕೆಯ ಆವೃತ್ತಿ’, ‘ಓಡುತ್ತಿರುವ ಆವೃತ್ತಿ’ ಎಂದು ಸದ್ಯಕ್ಕೆ ಬರೆದುಕೊಂಡಿದ್ದೇನೆ. ‘ಬಳಕೆಯ’ ಮತ್ತು ‘ಓಡುತ್ತಿರುವ’ ಓದುವವರಿಗೆ ಒಂದೇ ಅನಿಸೀತೆಂಬ ಅಳುಕಿದೆ. ಇವೆರಡನ್ನೂ ಬೇರ್ಪಡಿಸುವ ಪದ ನಿಮ್ಮ ಬಳಕೆಯಲ್ಲಿ ಇದೆಯೇ?