ಸೆಕ್ಯೂರ್‌ಡ್ರಾಪ್ ಅಪ್‌ಡೇಟ್: ಮಳೆಗಾಲದಲ್ಲಿ ಒಬ್ಬರೇ ನಿಭಾಯಿಸುವುದು ಹೇಗೆ?

ಕಾರವಾರದಿಂದ ಪ್ರಶ್ನೆ:
ಗುಟ್ಟಾಗಿ ದಾಖಲೆ ಕಳುಹಿಸುವವರಿಗಾಗಿ ನಮ್ಮ ವಾರಪತ್ರಿಕೆ ಸೆಕ್ಯೂರ್‌ಡ್ರಾಪ್ ಎಂಬ ತಂತ್ರಾಂಶ ಬಳಸುತ್ತಿದೆ. ತಾಂತ್ರಿಕ ಕೆಲಸ ಬಲ್ಲವನು ನಾನೊಬ್ಬನೇ. ಮಳೆಗಾಲ ಹಿಡಿದ ಮೇಲೆ ಕರೆಂಟ್‌ಗೆ ಭರವಸೆಯಿಲ್ಲ. ನಡುವೆ ಏನಾದರೂ ಕೆಟ್ಟೀತೆಂಬ ಭಯದಿಂದ ಅಪ್‌ಡೇಟ್‌ಗಳನ್ನು ಮುಂದೂಡುತ್ತಾ ಬಂದಿದ್ದೇನೆ. ಬಲ್ಲವರು ಅನುಭವ ತಿಳಿಸಬೇಕಾಗಿ ವಿನಂತಿ.

ಶಿರಸಿಯಿಂದ ಉತ್ತರ:
ದಯವಿಟ್ಟು ಮುಂದೂಡಬೇಡಿ. ಮಾಹಿತಿದಾರರನ್ನು ಕಾಪಾಡಲೆಂದು 2014ರಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ಇಂದಿಗೂ ಜಾರಿಯಾಗಿಲ್ಲ; ನಮ್ಮನ್ನು ನಂಬಿ ಬರೆಯುವವರಿಗೆ ಸೆಕ್ಯೂರ್‌ಡ್ರಾಪ್ ನಡೆಸುವ ಎರಡು ಪುಟ್ಟ ಯಂತ್ರಗಳೇ ಆಸರೆ.

ದಾಖಲೆಗಳು ಬಂದು ಸೇರುವ ಅಪ್ಲಿಕೇಶನ್ ಸರ್ವರ್ ಮತ್ತು ಅದರ ಮೇಲೆ ಕಣ್ಣಿಟ್ಟು ಎಚ್ಚರಿಕೆಯ ಮೇಲ್ ಕಳುಹಿಸುವ ಮಾನಿಟರ್ ಸರ್ವರ್ ಎರಡೂ ದಿನಾಲೂ ತಾವಾಗಿಯೇ ಅಪ್‌ಡೇಟ್ ಪಡೆದುಕೊಂಡು, ನಾವು ಬೇರೆ ಗಂಟೆ ಕೊಡದಿದ್ದರೆ, ಬೆಳಗಿನ ಜಾವ 4ಕ್ಕೆ ರೀಬೂಟ್ ಆಗುತ್ತವೆ. ಆಷಾಢದ ಗಾಳಿಮಳೆಗೆ ನಮ್ಮಲ್ಲಿ ಕರೆಂಟ್ ಹೋಗುವುದೇ ಆ ಹೊತ್ತಿಗೆ. ಆದ್ದರಿಂದ ನಾವು ಅದನ್ನು ಕಚೇರಿಯಲ್ಲಿ ಜನ ಇರುವ ಬೆಳಿಗ್ಗೆ 11ಕ್ಕೆ ಬದಲಿಸಿ, ಎರಡಕ್ಕೂ ಯುಪಿಎಸ್ ಜೋಡಿಸಿದೆವು. ಇದಕ್ಕಿಂತ ಮುಖ್ಯವಾದದ್ದು, ಕರೆಂಟ್ ಮರಳಿದಾಗ ಯಂತ್ರ ತಾನೇ ಚಾಲೂ ಆಗುವಂತೆ ಬಯೋಸ್‌ನಲ್ಲಿ (ಯಂತ್ರದ ಮೂಲ ಸೆಟ್ಟಿಂಗ್‌ಗಳಲ್ಲಿ) ಬದಲಿಸುವುದು. ಅದನ್ನು ಮಾಡದಿದ್ದ ಒಂದು ಮಳೆಗಾಲದಲ್ಲಿ ನಮ್ಮ ಸರ್ವರ್‌ಗಳು ಎರಡು ದಿನ ಆರಿಯೇ ಇದ್ದವು. ಎಚ್ಚರಿಕೆಯ ಮೇಲ್ ಬಾರದ್ದನ್ನು ಕಂಡು ಎಲ್ಲವೂ ಸರಿಯಿದೆ ಎಂದುಕೊಂಡಿದ್ದೆವು. ಆ ಮೇಲ್ ಕಳುಹಿಸಬೇಕಾದ ಮಾನಿಟರ್ ಸರ್ವರೇ ಆರಿತ್ತು. ಮೇಲ್ ಬಂತೇ ಎಂದು ದಿನವೂ ನೋಡುವ ಕೆಲಸವನ್ನು ಈಗ ಒಬ್ಬರಿಗೆ ವಹಿಸಿದ್ದೇವೆ.

ನಿಜವಾಗಿ ಹಳತಾಗುವುದು ಡ್ರಾಯರ್‌ನಲ್ಲಿರುವ ಟೇಲ್ಸ್ ಪೆನ್‌ಡ್ರೈವ್‌ಗಳು (ಟೇಲ್ಸ್ ಎಂದರೆ ಪೆನ್‌ಡ್ರೈವ್‌ನಿಂದಲೇ ನಡೆಯುವ, ಕಂಪ್ಯೂಟರಿನಲ್ಲಿ ಗುರುತು ಉಳಿಸದ ಆಪರೇಟಿಂಗ್ ಸಿಸ್ಟಂ). ಅಡ್ಮಿನ್ ಪೆನ್‌ಡ್ರೈವನ್ನು ತಿಂಗಳಿಗೊಮ್ಮೆಯಾದರೂ ಹಾಕಿ ನೆಟ್‌ಗೆ ಜೋಡಿಸಿರಿ. ಹೊಸ ಆವೃತ್ತಿ ಬಂದಿದ್ದರೆ ಅದೇ ಕೇಳುತ್ತದೆ. ಆದರೆ ಆರಂಭದ ಪರದೆಯಲ್ಲಿಯೇ ಅಡ್ಮಿನ್ ಪಾಸ್‌ವರ್ಡ್ ಕೊಟ್ಟುಕೊಳ್ಳದಿದ್ದರೆ ಕೆಲಸ ಅರ್ಧಕ್ಕೆ ನಿಂತು ಮತ್ತೆ ಮೊದಲಿನಿಂದ ಶುರುಮಾಡಬೇಕಾಗುತ್ತದೆ. ದಾಖಲೆಗಳ ಬೀಗ ತೆಗೆದು ಓದುವ ಲ್ಯಾಪ್‌ಟಾಪನ್ನು ಮಾತ್ರ ಯಾವ ಕಾರಣಕ್ಕೂ ನೆಟ್‌ಗೆ ಜೋಡಿಸಬಾರದು. ಅದರ ಪೆನ್‌ಡ್ರೈವನ್ನು, ಈಗಾಗಲೇ ಹೊಸದಾಗಿರುವ ಇನ್ನೊಂದು ಟೇಲ್ಸ್ ಪೆನ್‌ಡ್ರೈವಿನಿಂದ ಕ್ಲೋನ್ ಮಾಡಿ ಹೊಸದಾಗಿಸಬೇಕು. “ಒಂದೇ ಒಂದು ಸಲ ವೈಫೈ ಹಾಕಿ ಮುಗಿಸೋಣ” ಎಂದು ಕಚೇರಿಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ, ಒಪ್ಪಬೇಡಿ.

ಕುಮಟಾದಿಂದ ಉತ್ತರ:
ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಸರ್ವರ್‌ಗಳನ್ನು ನಡೆಸುವ ಆಪರೇಟಿಂಗ್ ಸಿಸ್ಟಂ ಉಬುಂಟುವಿನ ಆವೃತ್ತಿ ಬದಲಾಗುವ ವರ್ಷ ಎಲ್ಲವೂ ತಾನಾಗಿಯೇ ಆಗುತ್ತದೆಂದು ಕೂರಬಾರದು. 2021ರಲ್ಲಿ 16.04ರಿಂದ 20.04ಕ್ಕೆ ಹೋಗುವಾಗ ಬ್ಯಾಕಪ್ ತೆಗೆದು, ಸರ್ವರ್‌ಗಳನ್ನು ಹೊಸದಾಗಿ ಇನ್‌ಸ್ಟಾಲ್ ಮಾಡಿ, ಬ್ಯಾಕಪ್ ಮರಳಿ ತುಂಬಬೇಕಾಯಿತು, 2025ರಲ್ಲಿ 24.04ಕ್ಕೆ ಇದ್ದಲ್ಲಿಯೇ ಏರಿಸಲು ಸಾಧ್ಯವಾಯಿತು. ಎರಡೂ ಸಲ ಬ್ಯಾಕಪ್ ತೆಗೆದ ಮೇಲೆಯೇ ನಾನು ಕೈಹಾಕಿದ್ದು.

ಆ 2021ರಲ್ಲಿಯೇ, ಕಳುಹಿಸುವವರ ಗುರುತು ಮರೆಮಾಡುವ ಟಾರ್ ಜಾಲದ ಹಳೆಯ ವಿಳಾಸಗಳೂ ಕೊನೆಗೊಂಡವು. 16 ಅಕ್ಷರಗಳ ವಿಳಾಸ ಹೋಗಿ 56 ಅಕ್ಷರಗಳದ್ದು ಬಂತು. ನಾವು ಹೊಸ ವಿಳಾಸವನ್ನು ವೆಬ್‌ಸೈಟಿನಲ್ಲಿ ಹಾಕಿ ಸುಮ್ಮನಾದೆವು. ಅದಕ್ಕೂ ಮೊದಲು ಎರಡು ಮೂರು ವಾರಕ್ಕೊಮ್ಮೆ ಬರೆಯುತ್ತಿದ್ದ ಒಬ್ಬರು ಆಮೇಲೆ ಬರೆಯಲಿಲ್ಲ. ಹಳೆಯ ವಿಳಾಸವನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದರೋ, ಬೇರೆ ಕಾರಣವಿತ್ತೋ ತಿಳಿಯುವ ದಾರಿಯೇ ಇಲ್ಲ. ಅವರು ಯಾರೆಂಬುದು ನಮಗೆ ಗೊತ್ತಿರಬಾರದೆಂದೇ ಅಲ್ಲವೇ ಈ ವ್ಯವಸ್ಥೆ. ವಿಳಾಸವೋ, ಕಳುಹಿಸುವ ಕ್ರಮವೋ ಬದಲಾಗುವುದಿದ್ದರೆ ಹಳೆಯದು ನಡೆಯುತ್ತಿರುವಾಗಲೇ ಪ್ರತಿಯೊಬ್ಬರಿಗೂ ಸೆಕ್ಯೂರ್‌ಡ್ರಾಪ್ ಒಳಗಿನಿಂದಲೇ ಉತ್ತರ ಬರೆದು ತಿಳಿಸಿರಿ, ಅಚ್ಚಿನ ಪತ್ರಿಕೆಯಲ್ಲಿಯೂ ಕೆಲವು ವಾರ ಪ್ರಕಟಿಸಿರಿ. ನಾವು ಈಗ ಪ್ರತಿ ಸಂಚಿಕೆಯ ಎರಡನೆಯ ಪುಟದಲ್ಲಿ ಆ 56 ಅಕ್ಷರಗಳನ್ನು ಹಾಕುತ್ತೇವೆ, ಅಚ್ಚಿಗೆ ಹೋಗುವ ಮುನ್ನ ಇಬ್ಬರು ಕೂತು ಒಂದೊಂದೇ ಅಕ್ಷರ ಓದಿ ತಾಳೆ ನೋಡುತ್ತೇವೆ.