ಸಹಾಯ ಬೇಕು: ಹಬ್ ಮೇಲೆ ಉಳಿದ ಬೇರಿಂಗ್ ರೇಸ್ ತೆಗೆಯೋದು ಹೇಗೆ?

ಕಾರು ಪೋರ್ಷೆ ಬಾಕ್ಸ್‌ಸ್ಟರ್ 987, ಮುಂದಿನ ಎಡ ಚಕ್ರ. ಬಲಕ್ಕೆ ತಿರುಗಿಸಿದಾಗ ಗುಂಯ್ ಸದ್ದು ಜಾಸ್ತಿ ಆಗ್ತಿತ್ತು, ಭಾರ ಎಡಕ್ಕೆ ಬೀಳೋದ್ರಿಂದ ಆ ಬೇರಿಂಗೇ ಹೋಗಿರೋದು. ಸ್ಲೈಡ್ ಹ್ಯಾಮರ್ (ಜಾರೋ ತೂಕದ ಏಟಿನಿಂದ ಎಳೆಯೋ ಸಾಧನ) ಹಾಕಿ ಹಬ್ (ಚಕ್ರ ಕೂರೋ ಭಾಗ) ಎಳೆದಾಗ ಬೇರಿಂಗ್‌ನ ಹೊರಬದಿಯ ಒಳ ರೇಸ್, ಅಂದ್ರೆ ಒಳಗಿನ ಉಕ್ಕಿನ ಉಂಗುರ, ಹಬ್‌ಗೇ ಕಚ್ಕೊಂಡು ಬಂತು. ಇದು ಮಾಮೂಲಿನೇ ಬಿಡಿ. ಆದ್ರೆ ರೇಸ್‌ಗೂ ಹಬ್‌ನ ಅಗಲ ಅಂಚಿಗೂ (ಫ್ಲ್ಯಾಂಜ್) ಮಧ್ಯೆ ಉಗುರು ತೂರೋಷ್ಟೂ ಸಂದಿಲ್ಲ. ಮೂರು ಕಾಲಿನ ಪುಲ್ಲರ್ ಜಾರ್ತಿದೆ, ಹೀಟ್ ಗನ್ ಹಿಡಿದ್ರೂ ಕದಲಲಿಲ್ಲ. ಗ್ರೈಂಡರ್‌ನಲ್ಲಿ ಮುಕ್ಕಾಲು ಆಳ ಕೊಯ್ದು ಉಳಿ ಇಟ್ಟು ಹೊಡೆದ್ರೆ ಸೀಳುತ್ತೆ. ಬ್ಲೇಡ್ ಹಬ್‌ಗೆ ತಾಗಿ ಗೀರು ಬಿದ್ರೆ ಹೊಸ ಬೇರಿಂಗ್ ನೆಟ್ಟಗೆ ಕೂರಲ್ಲ ಅನ್ನೋದೇ ಚಿಂತೆ. ಹೊಸದನ್ನ ಹೊರ ರೇಸ್ ಮೇಲೆ ಮಾತ್ರ ಒತ್ತಿ ಕೂರಿಸೋದು, ಹಬ್ ನಟ್‌ನ 460 ನ್ಯೂಟನ್ ಮೀಟರ್‌ಗೆ ಬಿಗಿ ಮಾಡೋದು, ಅದೆಲ್ಲ ಸರಿ.

ಕೈಯಲ್ಲೇ ಕೊಯ್ಯೋದಾ, ಇಲ್ಲ ಜೆ.ಸಿ. ರಸ್ತೆ ಕಡೆ ಬೇರಿಂಗ್ ಸ್ಪ್ಲಿಟರ್ (ರೇಸ್ ಹಿಂದೆ ತೂರಿಸಿ ಹಿಡಿಯೋ ಸಾಧನ), ಪ್ರೆಸ್ ಎರಡೂ ಇರೋ ವರ್ಕ್‌ಶಾಪ್‌ಗೆ ಹಬ್ ಮಾತ್ರ ಒಯ್ಯೋದಾ? ಕೊಯ್ದು ತೆಗೆದವರು ಹಬ್ ಮೇಲೆ ಎಷ್ಟರವರೆಗೆ ಗೀರು ಬಿದ್ರೆ ನಡೀತು ಅಂತ ಹೇಳ್ತೀರಾ?